ಬಾಗಿಲು ತೆರೆದಿದ್ದಾಗ ಹತ್ತಿದ ದಾರ

ಹೊಲಿಗೆ ಮೇಲಿನಿಂದ ನೋಡಲು ಚೆನ್ನಾಗಿಯೇ ಇತ್ತು. ಇರುವೆ ಸಾಲಿನ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟುಕೊಂಡು ನೇರವಾಗಿ ಹೋಗಿತ್ತು. ಲಿಫ್ಟಕ್ಕ ಉಸಿರು ಬಿಗಿಹಿಡಿದು ಬಟ್ಟೆಯನ್ನು ಮಗುಚಿದಳು. ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ, ಬಾಚದ ತಲೆಗೂದಲಿನ ಹಾಗೆ ಗಂಟುಗಂಟಾಗಿ ಜೋತುಬಿದ್ದಿತ್ತು. ಎರಡು ಬೆರಳಲ್ಲಿ ಒಂದು ಎಳೆ ಹಿಡಿದು ಎಳೆದಳು. ಬಟಾಣಿ ಸಿಪ್ಪೆ ಬಿಡಿಸಿದಷ್ಟು ಸಲೀಸಾಗಿ ಇಡೀ ಹೊಲಿಗೆ ಬಿಚ್ಚಿಕೊಂಡು, ಎರಡು ತುಂಡು ಬಟ್ಟೆ ಎರಡು ಕೈಗೆ ಬಂದವು.

ಬಾಗಿಲಿಗೆ ಒರಗಿ ಹಲ್ಲುಜ್ಜುತ್ತಿದ್ದ ತಂಗಿ ಬಾಯಿಯಿಂದ ಬ್ರಷ್ ತೆಗೆದಳು.

"ನಾಳೆ ರಿಜಿಸ್ಟ್ರಾರ್ ಮುಂದೆ ಹೀಗೇ ಬಿಚ್ಕೊಂಡ್ರೆ ಸಾಕ್ಷಿಗೆ ಜನ ಹುಡುಕೋ ಕಷ್ಟ ಇರಲ್ಲ ಬಿಡು ಅಕ್ಕ. ಇಡೀ ಆಫೀಸೇ ಎದ್ದು ಬರುತ್ತೆ."

"ಬಾಯಿ ತೊಳ್ಕೊಂಡು ಬಂದು ಮಾತಾಡೇ," ಎಂದಳು ಲಿಫ್ಟಕ್ಕ. ಗದರಬೇಕೆಂದುಕೊಂಡಿದ್ದರೂ ನಗು ಬಂದುಬಿಟ್ಟಿತು. ಈಚೆಗೆ ಹಾಗೇ ಆಗುತ್ತಿತ್ತು. ಹಾಲು ಉಕ್ಕಿದರೂ ನಗು, ಬಸ್ಸು ತಪ್ಪಿದರೂ ನಗು. ಮೈಯೊಳಗೆ ಯಾರೋ ಕೂತು ಕಚಗುಳಿ ಇಡುತ್ತಿರುವ ಹಾಗೆ.

ನಾಳೆ ಬೆಳಿಗ್ಗೆ ಅವಳ ಮದುವೆ. ಐವತ್ತು ಹತ್ತಿರ ಬಂದಿದೆ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ, ಮತ್ತು ಇದು ಅವಳ ಮೊದಲನೇ ಮದುವೆ. ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬರುವುದಷ್ಟೇ. ಆದರೆ ಹಾಕಿಕೊಂಡು ಹೋಗುವ ಗೌನು ಇನ್ನೂ ಮೈತಳೆದಿರಲಿಲ್ಲ. ಮುಂಭಾಗ, ಹಿಂಭಾಗ, ಎರಡು ತೋಳು, ಕತ್ತಿನ ಪಟ್ಟಿ ಎಲ್ಲ ಬೇರೆ ಬೇರೆಯಾಗಿ ಮಂಚದ ಮೇಲೆ ಮಲಗಿದ್ದವು. ಚೆಂಡುಹೂವಿನ ಬಣ್ಣದ ಬಟ್ಟೆ. ಕಿಟಕಿಯ ಬಿಸಿಲು ಬಿದ್ದರೆ ಕೋಣೆಯ ಗೋಡೆಗೂ ಆ ಬಣ್ಣ ಹತ್ತುತ್ತಿತ್ತು.

ಲಿಫ್ಟಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ಪೇಟೆ ನಡುವಿನ ಹಳೆಯ ಕಟ್ಟಡವೊಂದರಲ್ಲಿ ಅವಳು ಲಿಫ್ಟ್ ನಡೆಸುತ್ತಾಳೆ. ಗುಂಡಿ ಒತ್ತಿದರೆ ತಾನಾಗಿ ಓಡುವ ಲಿಫ್ಟಲ್ಲ ಅದು. ಎಡಬಲದಿಂದ ಸರಿದು ಬಂದು ನಡುವೆ ಕೂಡುವ ಜೋಡಿ ಕಬ್ಬಿಣದ ಬಾಗಿಲು. ಕೈಯಿಂದಲೇ ಎಳೆದು ಮುಚ್ಚಬೇಕು. ಮೂಲೆಯಲ್ಲಿ ಸವೆದು ಹೊಳೆಯುವ ಹಿತ್ತಾಳೆ ಹಿಡಿ; ಎಡಕ್ಕೆ ತಳ್ಳಿದರೆ ಮೇಲೆ, ಬಲಕ್ಕೆ ತಳ್ಳಿದರೆ ಕೆಳಗೆ. ಮೊದಲು ಅಪ್ಪ ಅದನ್ನು ನಡೆಸುತ್ತಿದ್ದ. ಅಪ್ಪನ ಮೊಣಕಾಲು ಸೋತಾಗ ಅವನ ಸ್ಟೂಲು ಮಗಳಿಗೆ ಬಂತು. ಸ್ಟೂಲಿನ ಜೊತೆಗೆ ಬೂದು ಬಣ್ಣದ ಯೂನಿಫಾರ್ಮೂ ಬಂತು. ಆಮೇಲೆ ಹೊಸತಾಗಿ ಕೊಟ್ಟ ಯೂನಿಫಾರ್ಮುಗಳೆಲ್ಲ ಅಪ್ಪನ ಅಳತೆಯವೇ. ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿಯುತ್ತಿತ್ತು, ಗುಂಡಿಗಳು ಗಂಡಸರ ಕಡೆಗಿದ್ದವು. ಹೆಂಗಸಿನ ಅಳತೆ ಎಂದು ಒಂದಿದೆಯೆಂಬುದು ಕಟ್ಟಡದ ಮ್ಯಾನೇಜರಿಗೆ ಹೊಳೆಯಲಿಲ್ಲ, ಇವಳೂ ಬಾಯಿ ಬಿಟ್ಟು ಹೇಳಲಿಲ್ಲ.

ಅಪ್ಪ ಕಲಿಸಿದ್ದು ಒಂದೇ ಪಾಠ. "ಮೊದಲು ಬಾಗಿಲು, ಆಮೇಲೆ ಹಿಡಿ. ಬಾಗಿಲು ಮುಚ್ಚದೆ ಏನನ್ನೂ ಮುಟ್ಟಬೇಡ." ಆ ಮಾತು ಅವಳಿಗೆ ಮೈಗೂಡಿ ಹೋಗಿತ್ತು. ಅಡುಗೆಮನೆಯ ಡಬ್ಬಿಗಳೆಲ್ಲ ಮುಚ್ಚಿವೆಯೇ ಎಂದು ನೋಡದೆ ಒಲೆ ಹಚ್ಚುತ್ತಿರಲಿಲ್ಲ. ಕಪಾಟು ಮುಚ್ಚದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. "ನಮ್ಮಕ್ಕ ಕಿಟಕಿ ಮುಚ್ಚಿ ಆಮೇಲೆ ಹೊರಗೆ ಇಣುಕ್ತಾಳೆ" ಎಂದು ತಂಗಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಮದುವೆಯ ಮಾತು ಬಂದಾಗಲೆಲ್ಲ ಲಿಫ್ಟಕ್ಕ ಯಾವುದೋ ಮಹಡಿಯಲ್ಲಿರುತ್ತಿದ್ದಳು. ಕೆಳಗಿಳಿದು ಬರುವಷ್ಟರಲ್ಲಿ ನೋಡಲು ಬಂದವರು ಹೊರಟುಹೋಗಿರುತ್ತಿದ್ದರು. ತಂಗಿ ಮದುವೆಯಾಗಿ ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಗೇ ಹೋದಳು. ಅಪ್ಪ ತೀರಿಕೊಂಡ. ಲಿಫ್ಟು ಮಾತ್ರ ಏರುತ್ತ ಇಳಿಯುತ್ತ ಇತ್ತು.

ಗಡಿಯಾರದವರು ಬಂದದ್ದು ಆಮೇಲೆ. ನೆಲಮಹಡಿಯಲ್ಲಿ, ಲಿಫ್ಟಿನ ಎದುರಿಗೇ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ ಇಟ್ಟುಕೊಂಡು ಗಡಿಯಾರ ರಿಪೇರಿಗೆ ಕೂತರು. ಒಂಟಿ ಮನುಷ್ಯ, ಮಾತು ಕಡಿಮೆ. ಸಂಜೆ ಗೂಡು ಮುಚ್ಚಿದ ಮೇಲೆ ಲಿಫ್ಟ್ ಹತ್ತಿ ತುದಿಯ ಮಹಡಿವರೆಗೂ ಹೋಗಿ, ಇಳಿಯದೆ ಹಾಗೇ ವಾಪಸ್ಸು ಬರುತ್ತಿದ್ದರು. "ಮೇಲೆ ಏನು ಕೆಲಸ ನಿಮಗೆ?" ಎಂದು ಅವಳು ಕೇಳಿದರೆ "ಗಾಳಿಗೆ" ಎನ್ನುತ್ತಿದ್ದರು. ಲಿಫ್ಟಿನೊಳಗೆ ಗಾಳಿ ಎಲ್ಲಿಂದ ಬರಬೇಕು. ಹಾಗೆ ಗಾಳಿಗೆ ಹೋಗಿ ಬರುತ್ತಿದ್ದವರು ಒಂದು ಸಂಜೆ, ಮೂರನೇ ಮಹಡಿ ದಾಟುವಾಗ, "ಮನೆಗೂ ಒಟ್ಟಿಗೇ ಹೋದ್ರೆ ಹೇಗೆ?" ಎಂದರು. ಲಿಫ್ಟಕ್ಕ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ತುದಿಯವರೆಗೂ ಹೋದಳು, ಇಳಿದು ಬಂದಳು, ಬಾಗಿಲು ತೆರೆದಳು. ಆಮೇಲೆ "ಹೂಂ" ಎಂದಳು.

ಅಲ್ಲಿಂದ ಗಡಿಯಾರದವರಿಗೆ ಒಂದು ಫಜೀತಿ ಶುರುವಾಯಿತು. ಊರೆಲ್ಲ ಕರೆಯುವ ಹಾಗೆ ಅವರೂ ಇಷ್ಟು ಕಾಲ ಲಿಫ್ಟಕ್ಕ ಎಂದೇ ಕರೆದಿದ್ದರು. ಮದುವೆಯಾಗುವವಳನ್ನು ಅಕ್ಕ ಎನ್ನುವುದು ಹೇಗೆ? ಬೇರೆ ಏನು ಕರೆಯಬೇಕೆಂದು ತೋಚದೆ "ನೋಡಿ" ಎನ್ನತೊಡಗಿದರು. "ನೋಡಿ, ಕಾಫಿ ಬಂತು." "ನೋಡಿ, ಮಳೆ ಬರೋ ಹಾಗಿದೆ." ತಂಗಿ ಅವರಿಗೆ ನೋಡಿಭಾವ ಎಂದೇ ಹೆಸರಿಟ್ಟಳು.

ಗೌನಿನ ವಿಷಯದಲ್ಲಿ ಲಿಫ್ಟಕ್ಕ ಎಲ್ಲರೆದುರಿಗೂ ಮಾತು ಕೊಟ್ಟು ಕೂತಿದ್ದಳು. "ನಾನು ಹೊಲಿದ ಬಟ್ಟೆಯಲ್ಲೇ ಬರ್ತೀನಿ. ಆಗ್ಲಿಲ್ಲ ಅಂದ್ರೆ ಈ ಯೂನಿಫಾರ್ಮಲ್ಲೇ ಬರ್ತೀನಿ." ಅಂಗಡಿಯಿಂದ ತಂದದ್ದಾಗಲಿ, ಇನ್ನೊಬ್ಬರು ಹೊಲಿದು ಕೊಟ್ಟದ್ದಾಗಲಿ ಬೇಡ. ಜೀವನದಲ್ಲಿ ಒಂದೇ ಒಂದು ಬಟ್ಟೆ ತನ್ನ ಅಳತೆಗೆ, ತನ್ನ ಕೈಯಿಂದ ಆಗಬೇಕು. ಮಾತು ಕೊಡುವಾಗ ಅದು ಸುಲಭವಾಗಿ ಕಂಡಿತ್ತು. ಈಗ ಯೂನಿಫಾರ್ಮು ಮೊಳೆಯಲ್ಲಿ ನೇತಾಡಿಕೊಂಡು, ಹೇಗೂ ನನ್ನ ಹತ್ತಿರವೇ ಬರ್ತೀಯಲ್ಲ ಎನ್ನುವ ಹಾಗೆ ಅವಳನ್ನೇ ನೋಡುತ್ತಿತ್ತು.

ಮಷೀನು ತಂಗಿಯದು. ಹುರುಪಿನಲ್ಲಿ ಕೊಂಡು, ಎರಡು ದಿಂಬಿನ ಚೀಲ ಹೊಲಿದು, ಹಾಸಿಗೆಗಳ ಕೆಳಗೆ ಸೇರಿಸಿಬಿಟ್ಟಿದ್ದಳು. ಈಗ ಇಬ್ಬರೂ ಸೇರಿ ಅದರ ಎಲ್ಲ ರೋಗಕ್ಕೂ ಔಷಧಿ ಮಾಡಿ ಆಗಿತ್ತು. ಸೂಜಿ ಬದಲಾಯಿಸಿದರು. ಅಡಿಯ ದಾರವನ್ನು ಅದರ ಪುಟ್ಟ ಉರುಳೆ ಬಾಬಿನ್ನಿನಿಂದ ಬಿಚ್ಚಿ ಮತ್ತೆ ಸುತ್ತಿದರು. ಸೂಜಿಯ ಕೆಳಗಿನ ತಗಡು ಬಿಚ್ಚಿ, ಅದರಡಿ ಕೂತಿದ್ದ ಹತ್ತಿಯ ಹಾಗಿನ ಧೂಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆದರು. ದಾರ ಅಗ್ಗದ್ದಿರಬಹುದೆಂದು ಒಳ್ಳೆಯ ದಾರ ತಂದರು. ಗಂಟು ಕಾಣುವುದು ಅಡಿಯಲ್ಲಿ ಆದ್ದರಿಂದ ತಪ್ಪೂ ಅಡಿಯದೇ ಎಂದು ತಂಗಿ ತೀರ್ಪು ಕೊಟ್ಟು, ಬಾಬಿನ್ ಕೂರುವ ಲೋಹದ ಡಬ್ಬಿಯ ಸಣ್ಣ ಸ್ಕ್ರೂವನ್ನು ಮನಸ್ಸಿಗೆ ಬಂದಷ್ಟು ತಿರುಗಿಸಿದಳು. ಮಷೀನಿನ ನೆತ್ತಿಯಲ್ಲಿ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ, ಅಂಕಿ ಬರೆದ ತಿರುಪು ಒಂದಿತ್ತು. ಅದನ್ನು ಸೊನ್ನೆಯಿಂದ ಕೊನೆಯ ಅಂಕಿಯವರೆಗೂ ತಿರುಗಿಸಿ ನೋಡಿದರು. ಕುಣಿಕೆಗಳು ಇದ್ದ ಹಾಗೇ ಇದ್ದವು.

"ಇನ್ನೊಂದ್ಸಲ ದಾರ ಪೋಣಿಸಿ ನೋಡ್ತೀನಿ," ಎಂದಳು ಲಿಫ್ಟಕ್ಕ. ನೆಟ್ಟಗೆ ಕೂತಳು. ಹಿಂದಿನ ಸಣ್ಣ ಕಡ್ಡಿಯನ್ನು ಕೆಳಗೆ ಒತ್ತಿ, ಬಟ್ಟೆಯನ್ನು ಅದುಮಿ ಹಿಡಿಯುವ ಲೋಹದ ಪಾದವನ್ನು ಟಕ್ಕನೆ ಇಳಿಸಿದಳು. ಎಲ್ಲ ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ಉಂಡೆಯಿಂದ ದಾರ ಎಳೆದು, ಸೀಳಿನೊಳಗೆ ಇಳಿಸಿ, ಮೇಲಕ್ಕೆ ತಂದು, ಕೊಕ್ಕೆಗೆ ಹಾಕಿ, ಸೂಜಿಯ ಕಣ್ಣಿಗೆ ಪೋಣಿಸಿದಳು. ಚಿಂದಿ ಬಟ್ಟೆಯೊಂದನ್ನು ಇಟ್ಟು ಹೊಲಿದಳು. ಮಗುಚಿದಳು. ಕುಣಿಕೆ.

"ಹೊತ್ತಾಯ್ತು, ಹೋಗು," ಎಂದಳು ತಂಗಿ, ಈಗ ಮೆತ್ತಗೆ. "ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಇಟ್ಟಿರ್ಲಾ?"

"ಹಾಕಿದ್ರೆ ನಿನ್ನ ಕೈ ಮುರೀತೀನಿ."

ಅಂದು ಅರ್ಧ ದಿನವಾದರೂ ರಜೆ ಹಾಕಬಹುದಿತ್ತು. ಆದರೆ ಹಿತ್ತಾಳೆ ಹಿಡಿಯನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಎಂದೂ ಮನಸ್ಸು ಬರುವುದಿಲ್ಲ. ಬೆಳಗಿನ ಮೊದಲ ಸವಾರಿಗೆ ಎರಡನೇ ಮಹಡಿಯ ದರ್ಜಿ ಹತ್ತಿದ. ಕತ್ತಿನಲ್ಲಿ ಅಳತೆಪಟ್ಟಿ, ಕೈಯಲ್ಲಿ ತಿಂಡಿಯ ಪೊಟ್ಟಣ.

"ಏನು ಲಿಫ್ಟಕ್ಕ, ಮುಖ ಹೀಗೆ ಜೋತುಬಿದ್ದಿದೆ? ನಾಳೆ ನಗೋದಕ್ಕೆ ಇವತ್ತು ಉಳಿತಾಯಾನಾ?"

ಅವಳು ವಿಷಯ ಹೇಳಿದಳು. ದರ್ಜಿ ಕೇಳಿಸಿಕೊಂಡು ತಲೆಯಾಡಿಸಿದ.

"ಮಧ್ಯಾಹ್ನದೊಳಗೆ ಹೊಲಿದು ಕೊಟ್ಟುಬಿಡ್ತೀನಿ. ತುಂಡುಗಳನ್ನ ತಂದು ಕೊಡಿ. ಯಾರಿಗೂ ಹೇಳಲ್ಲ."

ಒಂದು ಕ್ಷಣ ಅವಳ ಕೈ ಹಿಡಿಯ ಮೇಲೆ ಸಡಿಲವಾಯಿತು. ಲಿಫ್ಟು ಎರಡನೇ ಮಹಡಿಗಿಂತ ಒಂದು ಗೇಣು ಕೆಳಗೇ ನಿಂತಿತು. ಅವಳಿಗೆ ಹಾಗಾದದ್ದೇ ಇಲ್ಲ.

"ಬೇಡ ಮಾಸ್ಟರೇ. ಯಾರಿಗೆ ಗೊತ್ತಾಗ್ದಿದ್ರೂ ನನಗೆ ಗೊತ್ತಿರುತ್ತಲ್ಲ."

"ಹಂಗಾದ್ರೆ ಒಂದು ಮಾತು ಕೇಳಿ. ಕುಣಿಕೆ ಅಡಿಯಲ್ಲಿ ಬಂದ್ರೆ ತಪ್ಪು ಅಡಿಯದ್ದಲ್ಲ, ಮೇಲಿನ ದಾರದ್ದು. ಮೇಲಿಂದು ಸಡಿಲವಾದ್ರೆ ಅಡಿಯಲ್ಲಿ ಹೋಗಿ ಸುರಿಯುತ್ತೆ. ಎಲ್ಲರೂ ಮೋಸ ಹೋಗೋದು ಅಲ್ಲೇ. ಡಬ್ಬಿ ಸ್ಕ್ರೂಗೆ ಕೈ ಹಾಕಿಲ್ಲ ತಾನೆ?"

"ನಮ್ಮ ತಂಗಿ ಹಾಕಿದಾಳೆ."

"ಹಾಕಿದಾರಾ," ಎಂದು ದರ್ಜಿ ಕಣ್ಣು ಮುಚ್ಚಿ ತೆರೆದ. "ಸರಿ. ಬಾಬಿನ್ ಹಾಕಿದ ಡಬ್ಬೀನ ದಾರ ಹಿಡ್ಕೊಂಡು ನೇತಾಡ್ಸಿ. ಮೆತ್ತಗೆ ಒಂದು ಜಗ್ಗು ಕೊಡಿ. ಸ್ವಲ್ಪ ಇಳಿದು ನಿಲ್ಲಬೇಕು. ಸರ್ರಂತ ನೆಲಕ್ಕೆ ಹೋದ್ರೆ ಸಡಿಲ, ಅಲ್ಲಾಡದೇ ಇದ್ರೆ ಬಿಗಿ."

ಅವನು ಗೇಣುದ್ದ ಮೆಟ್ಟಿಲು ಹತ್ತುವವನ ಹಾಗೆ ಕಾಲೆತ್ತಿ ಇಳಿದುಹೋದ. ತಪ್ಪು ಮೇಲೆ, ಎಂದುಕೊಂಡಳು ಲಿಫ್ಟಕ್ಕ. ಅದು ಅವಳಿಗೆ ಗೊತ್ತಿರಬೇಕಾಗಿತ್ತು. ಲಿಫ್ಟು ಕೆಟ್ಟು ನೆಲಮಹಡಿಯಲ್ಲಿ ನಿಂತಾಗಲೆಲ್ಲ ಮೆಕ್ಯಾನಿಕ್ಕು ಅದರ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿ ತಾರಸಿಯ ಮೋಟಾರು ಕೋಣೆಗೇ ಹೋಗುತ್ತಾನೆ. ಇಷ್ಟು ವರ್ಷ ನೋಡಿಯೂ ಹೊಳೆಯಲಿಲ್ಲವಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಸ್ಟೂಲನ್ನು ಲಿಫ್ಟಿನ ಬಾಯಿಗೆ ಎಳೆದುಕೊಂಡು ಕೂತಳು. ಎದುರಿಗೆ ಗಡಿಯಾರದವರು ಒಂದು ಕೈಗಡಿಯಾರದ ಬೆನ್ನು ಬಿಚ್ಚಿ ಇಟ್ಟುಕೊಂಡಿದ್ದರು.

"ನೋಡಿ," ಎಂದರು ಅವರು, ತಲೆಯೆತ್ತದೆ. "ಮಷೀನು ಕೈ ಕೊಟ್ಟಿದೆಯಂತೆ."

"ಮಾಸ್ಟರು ಯಾರಿಗೂ ಹೇಳಲ್ಲ ಅಂದಿದ್ರು."

"ಯಾರಿಗೂ ಹೇಳಿಲ್ಲ. ನನಗೊಬ್ಬನಿಗೆ ಹೇಳಿದಾನೆ. ಮನೆಗೆ ಬಂದು ನೋಡ್ಲಾ?"

"ಬಂದ್ರೆ ಬಟ್ಟೆ ಕಾಣುತ್ತೆ."

"ಕಣ್ಣು ಮುಚ್ಕೊಂಡು ನೋಡ್ತೀನಿ."

ಅವಳು ನಕ್ಕಳು. ಅವರು ನಗದೆ ಚಿಮಟ ಕೆಳಗಿಟ್ಟರು. "ಮೇಲಿನ ತಿರುಪು ತಿರುಗಿಸಿದ್ರೆ ಹೊಲಿಗೆ ಏನಾದ್ರೂ ಬದಲಾಗುತ್ತಾ? ಚೂರಾದ್ರೂ?"

"ಏನೂ ಇಲ್ಲ. ಸೊನ್ನೆಗಿಟ್ರೂ ಅಷ್ಟೇ, ಕೊನೆಗಿಟ್ರೂ ಅಷ್ಟೇ."

"ಹಾಗಾದ್ರೆ ತಿರುಪು ಕೆಟ್ಟಿಲ್ಲ. ತಿರುಗಿಸಿದ್ರೂ ಏನೂ ಆಗಲ್ಲ ಅಂದ್ರೆ ದಾರ ಅದರ ಕೈಗೇ ಸಿಕ್ತಿಲ್ಲ. ಒಳಗೆ ಎರಡು ಬಿಲ್ಲೆ ಇರುತ್ತೆ, ಅವುಗಳ ನಡುವೆ ದಾರ ಹೋಗ್ಬೇಕು. ಹೋಗ್ತಿಲ್ಲ." ಕಣ್ಣಿನಿಂದ ಭೂತಗನ್ನಡಿ ಬಿಡಿಸಿ ಅಂಗಿಯ ತುದಿಯಿಂದ ಒರೆಸಿ ಅವಳ ಕಡೆ ಚಾಚಿದರು. "ನಾನು ಬರೋದು ಬೇಡ. ಇದು ಬರ್ಲಿ."

"ನಿಮ್ಮ ಕೆಲಸ?"

"ಇವತ್ತು ಕೆಲಸ ಎಲ್ಲಿ ಆಗ್ತಿದೆ ನನಗೆ? ಈ ಸ್ಕ್ರೂ ಬೆಳಗ್ಗೆಯಿಂದ ಬೀಳ್ತಾನೇ ಇದೆ."

ದಾರ ಯಾಕೆ ನಡುವೆ ಹೋಗುತ್ತಿಲ್ಲ? ಊಟ ಮುಗಿದರೂ ಆ ಪ್ರಶ್ನೆ ಅವಳ ಜೊತೆ ಮೇಲೆ ಕೆಳಗೆ ಓಡಾಡಿತು. ಉತ್ತರ ತಂದವರು ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರಮ್ಮ, ಅದೂ ಅವರಿಗೇ ಗೊತ್ತಿಲ್ಲದೆ. ಡಾಕ್ಟರಮ್ಮ ಎಂದಿನಂತೆ ತಡವಾಗಿ, ಓಡಿಕೊಂಡೇ ಬಂದು ಹತ್ತಿದರು. ಲಿಫ್ಟಕ್ಕ ಬಾಗಿಲು ಎಳೆದಳು. ಡಾಕ್ಟರಮ್ಮನ ಶಾಲಿನ ತುದಿ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡಿತು. ಅವರು ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಶಾಲು ಬಿಗಿದು ನಿಂತಿತೇ ಹೊರತು ಬರಲಿಲ್ಲ.

ಲಿಫ್ಟಕ್ಕನ ಕೈ ಹಿಡಿಯ ಮೇಲೆ ಹಾಗೇ ನಿಂತುಹೋಯಿತು.

ಅವಳು ಬಾಗಿಲು ತೆರೆದು ಶಾಲು ಬಿಡಿಸಿಕೊಟ್ಟಳು. ಮತ್ತೆ ಮುಚ್ಚಿದಳು. ಆಮೇಲೆ, ಡಾಕ್ಟರಮ್ಮ ನೋಡುತ್ತಿರುವಂತೆಯೇ, ಸ್ಟೂಲಿನ ಮೇಲಿದ್ದ ಒರೆಸುವ ಬಟ್ಟೆ ತೆಗೆದುಕೊಂಡು ಮುಚ್ಚಿದ ಬಾಗಿಲುಗಳ ಸಂದಿಗೆ ತುರುಕಿ ನೋಡಿದಳು. ಹೋಗಲಿಲ್ಲ. ಬಟ್ಟೆ ಕಬ್ಬಿಣದ ಮೇಲೇ ನುಣುಪಾಗಿ ಜಾರಿತು. ಬಾಗಿಲು ತೆರೆದಳು, ಬಟ್ಟೆಯನ್ನು ನಡುವೆ ಹಿಡಿದಳು, ಮುಚ್ಚಿದಳು. ಎಳೆದಳು. ಕಚ್ಚಿ ಹಿಡಿದಿತ್ತು.

"ಮುಚ್ಚಿದ ಮೇಲೆ ಬಂದ್ರೆ ಒಳಗೆ ಹೋಗೋದೇ ಇಲ್ಲ," ಎಂದಳು ಅವಳು, ಯಾರಿಗೋ ಹೇಳುವಂತೆ. "ಹೊರಗಡೆಯೇ ಜಾರ್ಕೊಂಡು ಹೋಗುತ್ತೆ."

"ಲಿಫ್ಟಕ್ಕ," ಎಂದರು ಡಾಕ್ಟರಮ್ಮ, "ಮೇಲೆ ನನ್ನ ಪೇಷೆಂಟು ಬಾಯಿ ತೆಕ್ಕೊಂಡು ಕೂತಿದಾರೆ."

"ಇನ್ನೊಂದೇ ಸಲ ಡಾಕ್ಟರಮ್ಮ," ಎಂದು ಅವಳು ಮತ್ತೊಮ್ಮೆ ತೆರೆದು ಮುಚ್ಚಿ ಎಳೆದು ನೋಡಿ, ಅವರನ್ನು ನಾಲ್ಕನೇ ಮಹಡಿಗೆ ಮುಟ್ಟಿಸಿದಳು. ವಾಪಸ್ಸು ಇಳಿಯುವಾಗ ಲಿಫ್ಟಿನಲ್ಲಿ ಒಬ್ಬಳೇ ಇದ್ದಳು.  ಮೊದಲು ಬಾಗಿಲು, ಆಮೇಲೆ ಹಿಡಿ. ಅಪ್ಪನ ಮಾತು ಸರಿಯೇ. ಆದರೆ ಜನ ಹತ್ತುವುದು ಬಾಗಿಲು ತೆರೆದಿದ್ದಾಗ. ಅಷ್ಟು ಸಣ್ಣ ಸಂಗತಿಯನ್ನು ಅಪ್ಪ ಬಿಡಿಸಿ ಹೇಳಿರಲಿಲ್ಲ, ಲಿಫ್ಟಿನಲ್ಲಿ ಅದನ್ನು ಹೇಳಬೇಕಾಗಿಯೇ ಇಲ್ಲವಲ್ಲ. ಮನೆಯಲ್ಲಿ ಮಷೀನಿನ ಮುಂದೆ ಕೂತು ಅವಳು ಪ್ರತಿಸಲವೂ ಮೊದಲು ಟಕ್ಕನೆ ಪಾದ ಇಳಿಸಿ, ಎಲ್ಲ ಮುಚ್ಚಿ, ಆಮೇಲೆ ದಾರವನ್ನು ಹತ್ತಿಸಲು ಹೋಗಿದ್ದಳು.

ಪಾದಕ್ಕೂ ಬಿಲ್ಲೆಗಳಿಗೂ ಸಂಬಂಧವಿದೆಯೇ? ಅದೊಂದು ಗೊತ್ತಿರಲಿಲ್ಲ. ಸಂಜೆಯವರೆಗೆ ಆ ಲಿಫ್ಟು ಅಷ್ಟು ನಿಧಾನವಾಗಿ ಹತ್ತಿದ್ದನ್ನು, ಇಳಿದದ್ದನ್ನು ಅವಳು ಕಂಡಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಚ್ಚುವುದನ್ನೂ ಮರೆತಳು. ಹಿಂದೆ ಬಾಗಿಲು ಹಾರುಹೊಡೆದಿತ್ತು. ಪಕ್ಕದ ಮನೆಯಿಂದ ಅದನ್ನು ಕಂಡ ತಂಗಿಗೆ ಗಾಬರಿಯಾಯಿತು.

"ಅಕ್ಕ, ಬಾಗಿಲು ತೆಗೆದೇ ಇದೆ. ಹುಷಾರಾಗಿದೀಯಾ?"

"ಟಾರ್ಚು ತಾ. ಇಲ್ಲಿ ಹಿಡಿ. ಅಲ್ಲಾಡಿಸಬೇಡ."

ಮಷೀನಿನ ಸೀಳಿನೊಳಗೆ ತಂಗಿ ಬೆಳಕು ಬಿಟ್ಟಳು. ಲಿಫ್ಟಕ್ಕ ಗಡಿಯಾರದವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಕತ್ತಲ ತಳದಲ್ಲಿ ಎರಡು ಸಣ್ಣ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಹೊಳೆಯುತ್ತಿದ್ದವು. ಬೆಳಗಿನ ದಾರ ಅವುಗಳ ನಡುವೆ ಇರಲಿಲ್ಲ. ಬಿಲ್ಲೆಗಳ ಅಂಚಿನ ಮೇಲೆ, ಬಾಗಿಲ ಹೊರಗೆ ನಿಂತವರ ಹಾಗೆ ಸುಮ್ಮನೆ ಒರಗಿತ್ತು. ಅವಳು ಕೈ ಹಿಂದಕ್ಕೆ ಚಾಚಿ ಕಡ್ಡಿಯನ್ನು ಮೇಲೆತ್ತಿದಳು. ಪಾದ ಮೇಲೆದ್ದಿತು. ಅದೇ ಗಳಿಗೆಯಲ್ಲಿ ಒಳಗಿನ ಬಿಲ್ಲೆಗಳು ಕೂದಲೆಳೆಯಷ್ಟು ಬೇರೆಯಾದವು.

"ತೆರೀತು," ಎಂದಳು ಲಿಫ್ಟಕ್ಕ. ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ.

"ಏನು ತೆರೀತು? ನನಗೂ ತೋರ್ಸು."

ತಂಗಿಗೂ ತೋರಿಸಿದಳು. ಪಾದ ಎತ್ತಿದರೆ ತೆರೆಯುತ್ತದೆ, ಇಳಿಸಿದರೆ ಮುಚ್ಚುತ್ತದೆ. ಇಬ್ಬರೂ ಸರದಿಯ ಮೇಲೆ ಮಕ್ಕಳ ಹಾಗೆ ಎತ್ತಿ ಇಳಿಸಿ ನೋಡಿದರು. ಆಮೇಲೆ ಲಿಫ್ಟಕ್ಕ ಹಳೆಯ ದಾರ ಕಿತ್ತು ಹಾಕಿ, ಪಾದ ಮೇಲಿಟ್ಟುಕೊಂಡೇ ಹೊಸದಾಗಿ ಪೋಣಿಸಿದಳು. ಸೂಜಿಯ ಹತ್ತಿರ ದಾರ ಹಿಡಿದು ಎಳೆದರೆ ಹಾಯಾಗಿ ಬಂತು. ಪಾದ ಇಳಿಸಿ ಎಳೆದಳು. ದಾರ ತಡೆಯಿತು, ಸೂಜಿ ಬಾಗುವಷ್ಟು ಬಿಗಿಯಾಗಿ. ಅವಳಿಗೆ ಶಾಲು ನೆನಪಾಯಿತು.

ಚಿಂದಿಯ ಮೇಲೆ ಹೊಲಿದು ಮಗುಚಿದರು. ಅಡಿಯ ಕುಣಿಕೆಗಳು ಮಾಯವಾಗಿದ್ದವು. ತಂಗಿ ಅವಳ ಬೆನ್ನಿಗೆ ಗುದ್ದಿದಳು. ಆದರೆ ಲಿಫ್ಟಕ್ಕ ಬಟ್ಟೆಯನ್ನು ಮತ್ತೆ ಮೇಲ್ಮುಖ ಮಾಡಿದಳು. ಈಗ ಮೇಲುಗಡೆ ಅಡಿಯ ದಾರ ಚುಕ್ಕಿ ಚುಕ್ಕಿಯಾಗಿ ಇಣುಕುತ್ತಿತ್ತು.

"ತಪ್ಪು ಮೇಲೆ ಕಾಣ್ತಿದೆ," ಎಂದಳು. "ಅಂದ್ರೆ ಈಗ ತಪ್ಪು ಕೆಳಗಡೆ ಇದೆ. ಆ ಸ್ಕ್ರೂ ಎಷ್ಟು ತಿರುಗಿಸಿದ್ದೆ ನೀನು?"

"ತುಂಬಾ ಏನಿಲ್ಲ," ಎಂದಳು ತಂಗಿ, ಟಾರ್ಚನ್ನು ನೋಡುತ್ತ. "ಅದು ಬೀಳೋ ಹಾಗಾದಾಗ ನಿಲ್ಲಿಸಿದೆ."

ಲಿಫ್ಟಕ್ಕ ಬಾಬಿನ್ ಡಬ್ಬಿಯನ್ನು ಹೊರತೆಗೆದು ದಾರದಿಂದ ನೇತಾಡಿಸಿದಳು. ಜಗ್ಗುವ ಮೊದಲೇ ಅದು ಸರ್ರನೆ ಇಳಿದು ಮೇಜಿಗೆ ಬಡಿಯಿತು. ಸ್ಕ್ರೂವನ್ನು ಕೂದಲಿನಷ್ಟು ಬಿಗಿದಳು. ಮತ್ತೆ ಬಿದ್ದಿತು, ಆದರೆ ನಿಧಾನವಾಗಿ. ಇನ್ನಷ್ಟು ಬಿಗಿದಳು. ನೇತಾಡಿಸಿದಳು. ಡಬ್ಬಿ ಗಾಳಿಯಲ್ಲಿ ಸುಮ್ಮನೆ ತೂಗಿತು. ಮೆತ್ತಗೆ ಒಂದು ಜಗ್ಗು ಕೊಟ್ಟಳು. ಡಬ್ಬಿ ಒಂದು ಬೆರಳಿನಷ್ಟು ಇಳಿದು, ನಿಂತಿತು. ಇನ್ನೊಂದು ಜಗ್ಗು. ಇನ್ನೊಂದು ಬೆರಳು ಇಳಿದು, ನಿಂತಿತು.

ಲಿಫ್ಟಕ್ಕ ಅದನ್ನೇ ನೋಡುತ್ತ ಕೂತಳು. ಕಣ್ಣಿನಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ಮೂರನೇ ಮಹಡಿ," ಎಂದಳು. ಜಗ್ಗಿದಳು. "ಎರಡನೇ ಮಹಡಿ."

"ನೆಲಮಹಡಿ ಬಂತು, ಇಳೀರಮ್ಮ," ಎಂದಳು ತಂಗಿ. "ಇನ್ನು ಹೊಲಿ."

ಮೇಲಿನ ತಿರುಪನ್ನು ನಡುವಿನ ಅಂಕಿಗಿಟ್ಟು ಚಿಂದಿ ಹೊಲಿದಳು. ಮೇಲೂ ಅಡಿಯೂ ಒಂದೇ ಹಾಗೆ ಬಂತು. ಎರಡು ದಾರ ಕೂಡುವ ಗಂಟು ಬಟ್ಟೆಯ ಒಳಗೆಲ್ಲೋ ಅಡಗಿಹೋಗಿತ್ತು. ಎರಡು ಕೈಯಿಂದ ಹಿಡಿದು ಬಿರುಸಾಗಿ ಎಳೆದರೂ ಬಿಡಲಿಲ್ಲ. ಆಗ ಚೆಂಡುಹೂವಿನ ಬಣ್ಣವನ್ನು ಮಂಚದಿಂದ ಎತ್ತಿದಳು. ಭುಜ ಕೂಡಿತು. ಪಕ್ಕ ಕೂಡಿತು. ಮಷೀನು ಹದವಾಗಿ ಗುರುಗುಡುತ್ತ, ಯಾರೋ ಕಾದುಕೊಂಡಿದ್ದ ಮಾತೆಲ್ಲ ಆಡಿ ಮುಗಿಸುವ ಹಾಗೆ ಓಡಿತು. ತಂಗಿ ಅಡುಗೆ ತಂದು ಮೇಜಿನ ಮೂಲೆಗಿಟ್ಟಳು, ಇವಳು ಒಂದು ತುತ್ತು, ಒಂದು ಹೊಲಿಗೆ ಎಂದು ತಿಂದಳು. ಬೀದಿಯ ಸದ್ದು ಅಡಗುವ ಹೊತ್ತಿಗೆ ಗೌನಿಗೆ ಎರಡು ತೋಳು ಬಂದಿದ್ದವು. ತೊಟ್ಟು ಕನ್ನಡಿ ಮುಂದೆ ನಿಂತಳು. ಭುಜದ ಹೊಲಿಗೆ ಭುಜದ ಮೇಲೇ ಕೂತಿತ್ತು.

ತಂಗಿ ಹಿಂದಿನಿಂದ ಕತ್ತಿನ ಪಟ್ಟಿ ಸರಿಮಾಡಿದಳು. ಮೊಳೆಯಿಂದ ಯೂನಿಫಾರ್ಮನ್ನು ತೆಗೆದು ಮಡಚಿ ಕಪಾಟಿನೊಳಗಿಟ್ಟಳು.

ಮರುದಿನ ಬೆಳಿಗ್ಗೆ ಅಂಚು ಮಡಚಿ ಹೊಲಿದು, ಇಸ್ತ್ರಿ ಹಾಕಿ, ಬಟ್ಟೆಯ ಬಿಸಿ ಆರುವ ಮೊದಲೇ ಹೊರಟರು. ರಿಜಿಸ್ಟ್ರಾರ್ ಕಚೇರಿಯಿದ್ದ ಕಟ್ಟಡದ ಬಾಗಿಲಲ್ಲಿ ಗಡಿಯಾರದವರು ಹೊಸ ಅಂಗಿ ತೊಟ್ಟು, ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದರು. ಪಕ್ಕದಲ್ಲಿ ಸಾಕ್ಷಿ ಹಾಕಲು ಬಂದ ದರ್ಜಿ. ಬೀದಿಯ ತಿರುವಿನಲ್ಲಿ ಆ ಬಣ್ಣ ಕಂಡಾಗ ಗಡಿಯಾರದವರು "ನೋಡಿ" ಎಂದರು. ದರ್ಜಿಗೆ ಹೇಳಿದರೋ, ಅವಳನ್ನು ಕರೆದರೋ, ಅವರಿಗೇ ತಿಳಿಯಲಿಲ್ಲ.

ಲಿಫ್ಟಕ್ಕ ಹತ್ತಿರ ಬಂದು ಭೂತಗನ್ನಡಿಯನ್ನು ಅವರ ಕೈಗಿಟ್ಟಳು. ಅವರು ಅದನ್ನು ಜೇಬಿಗೆ ಹಾಕಲಿಲ್ಲ.

"ಒಳಮಗ್ಗುಲು ನೋಡಬಹುದಾ?"

"ಏನು ಭಾವ, ಎಲ್ಲರೂ ಹೊರಗಡೆ ನೋಡಿ ಚೆನ್ನಾಗಿದೆ ಅಂತಾರೆ," ಎಂದಳು ತಂಗಿ.

"ಗಡಿಯಾರ ಚೆನ್ನಾಗಿದ್ಯಾ ಅಂತ ಬೆನ್ನು ಬಿಚ್ಚಿಯೇ ನೋಡ್ಬೇಕು."

ಅವಳು ತೋಳಿನ ಅಂಚನ್ನು ಮಗುಚಿ ಅವರ ಮುಂದೆ ಹಿಡಿದಳು. ಅವರು ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ತುಂಬ ಹೊತ್ತು ನೋಡಿದರು. ಅವರ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು.

"ಯಾವುದು ಮೇಲಿನ ದಾರ, ಯಾವುದು ಕೆಳಗಿಂದು ಅಂತ ಗೊತ್ತೇ ಆಗಲ್ಲ," ಎಂದರು ಕೊನೆಗೆ.

"ಗೊತ್ತಾಗಬಾರದು," ಎಂದ ದರ್ಜಿ, ತಾನೇ ಹೊಲಿದವನ ಹಾಗೆ ಎದೆಯುಬ್ಬಿಸಿ. "ನಡೀರಿ, ಮೇಲೆ ಕಾಯ್ತಿರ್ತಾರೆ."

ಆ ಕಟ್ಟಡದ ಲಿಫ್ಟು ಗುಂಡಿ ಒತ್ತುವ ಜಾತಿಯದು. ಸ್ಟೂಲಿಲ್ಲ, ಹಿಡಿಯಿಲ್ಲ, ಯಾರೂ ಕೂತಿಲ್ಲ. ಬಾಗಿಲು ತಾನೇ ತೆರೆದುಕೊಂಡು, ತಾನೇ ಮುಚ್ಚಿಕೊಳ್ಳುವ ಅವಸರದಲ್ಲಿತ್ತು. ಲಿಫ್ಟಕ್ಕ ಅಭ್ಯಾಸಬಲದಿಂದ ಬಾಗಿಲ ಪಕ್ಕಕ್ಕೆ ಸರಿದು, ಬೇರೆಯವರು ಹತ್ತಲಿ ಎಂದು ನಿಂತಳು. ತಂಗಿ ಹತ್ತಿದಳು, ದರ್ಜಿ ಹತ್ತಿದ. ಗಡಿಯಾರದವರು ಹತ್ತಲಿಲ್ಲ. ಮುಚ್ಚಲು ಬಂದ ಬಾಗಿಲಿಗೆ ತೋಳು ಅಡ್ಡ ಹಿಡಿದು, ಅವಳ ಕಡೆ ತಿರುಗಿದರು.

"ಬಾ," ಎಂದರು. "ನೀನು ಮೊದಲು ಹತ್ತು."

ಅವಳು ಗೌನಿನ ಅಂಚನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಒಳಗೆ ಬಂದಳು. ಬಾಗಿಲು ಎರಡು ಸಲ ಅವರ ತೋಳಿಗೆ ಬಡಿದು ಹಿಂದೆ ಸರಿಯಿತು. ಚೆಂಡುಹೂವಿನ ಬಣ್ಣ ಪೂರ್ತಿ ಒಳಗೆ ಬರುವವರೆಗೂ ಅವರು ತೋಳು ತೆಗೆಯಲಿಲ್ಲ.

"ಯಾವ ಮಹಡಿ?" ಎಂದಳು ಲಿಫ್ಟಕ್ಕ, ತನಗರಿವಿಲ್ಲದೆ.

"ಎಷ್ಟನೇದಾದ್ರೂ ಒತ್ತು ಅಕ್ಕ," ಎಂದಳು ಮೂಲೆಯಲ್ಲಿ ಒತ್ತರಿಸಿ ನಿಂತ ತಂಗಿ. "ನೋಡಿಭಾವ ಇವತ್ತು ನೋಡಿ ಅನ್ನೋದನ್ನೇ ಮರೆತಿದಾರೆ. ಅವರಿಗೆ ಮತ್ತೆ ನೆನಪಾಗೋದ್ರೊಳಗೆ ಸಹಿ ಹಾಕಿಸ್ಕೋಬೇಕು."